ನಿಂತಾವ

ನಮ್ಮ ಶೆಡ್ಡಿನಾಗ 'ನಿಂತಿತು' ಅಂದ್ರ ಕೆಟ್ಟ ಸುದ್ದಿ.
ಹಾಸಿನ ಎಳಿ ಹರೀತು, ಮಗ್ಗ ನಿಂತಿತು.
ಹನ್ನೆರಡು ಮಗ್ಗದ ಸದ್ದಿನಾಗ ಒಂದರ ಮೌನ
ಮೊದಲು ನನ್ನ ಕಿವಿಗೇ ತಿಳೀತಿತ್ತು;
ಪಾನಾ ಹಿಡಕೊಂಡು ಓಡಾಂವ
ಜಾಬರ್ ರೇವಣಸಿದ್ಧ ಬಿರಾಜದಾರ.

ಬೀಮು ಏರಿಸೋವಾಗ ಸರಪಳಿ ಜಾರಿತು.
ಬೆನ್ನಿನಾಗ ಯಾವ ಎಳಿ ಹರೀತೋ,
ಟೊಂಕದ ಕೆಳಗಿನ ಶೆಡ್ಡು
ಪೂರಾ ನಿಂತಬಿಡ್ತು.

ಈಗ ಮಂಗಳವಾರಕ್ಕೊಮ್ಮೆ ಸೊಲ್ಲಾಪುರದ ಹೋಟಗಿ ರಸ್ತೆ,
ದವಾಖಾನಿಯ ಎರಡನೇ ಮಾಳಿಗಿ.
ಕೇತಕಿ ದೇಶಮಾನೆ ಅಂತ ಇಂಜಿನಿಯರು
ತೊಡಿಗೆ ಎಂಟು ಪಟ್ಟಿ ಅಂಟಿಸ್ತಾಳ,
ದರ್ಜಿಯಂಗ ಟೇಪು ಹಿಡಿದು ಅಳೀತಾಳ.
ಪರದೆ ಮ್ಯಾಲ ನಾನು ಮೂರು ಕಡ್ಡಿ, ಮೂರು ಕೀಲು:
ಹರಡು, ಮೊಣಕಾಲು, ಟೊಂಕ.
ತಲಿ ಎಲ್ಲಿ ಬಾಯಿ? ಅಂದೆ.
ಟೊಂಕದ ಮ್ಯಾಲಿಂದೆಲ್ಲ ಒಂದೇ ತೂಕ, ಅಂದಳು ಮರಾಠಿಯಾಗ,
ತಲಿ ಬ್ಯಾರೆ ಲೆಕ್ಕಕ್ಕ ಹಿಡಿದಿಲ್ಲ.
ಮನಿಗೆ ಬಂದು ಇಂದ್ರವ್ವಗ ಹೇಳಿದೆ.
ಇದಕ್ಕ ಕಂಪ್ಯೂಟರ್ ಯಾಕ ಬೇಕಾಗಿತ್ತು, ಅಂದಳು.

ಕರೆಂಟು ಬಿಡ್ತಾಳ, ಸೆಕೆಂಡಿಗೆ ಇಪ್ಪತ್ತೈದು ಬಡತ.
ನನಗ ಏನೂ ತಿಳಿಯಂಗಿಲ್ಲ. ತೊಡಿ ಮಾತ್ರ
ಯಾರದೋ ಮಾತು ಕೇಳಿದಂಗ ಬಿಗೀತದ,
ಮೊಣಕಾಲು ಕಟ್ ಅಂತ ಕೂಡ್ತದ,
ಕಪಾಟಿನ ನೆತ್ತಿ ಮ್ಯಾಲಿನ ಧೂಳು ಕಾಣ್ತದ.
ಆ ಧೂಳು ನೋಡಿ ನನಗ ಗೊತ್ತಾಗೂದು, ಎದ್ದೀನಿ ಅಂತ.
ನಾಕು ವರ್ಷ ಮಂದಿ ಬೆಲ್ಟಿನ ಬಕಲು ನೋಡಿದ ಕಣ್ಣು ಇವು.

ಪರದೆ ಮ್ಯಾಲ ಕಡ್ಡಿ ಅಳ್ಳಾಡತದ,
ಮುಂದ ಒಂದು ಬೆರಳು, ಹಿಂದ ಅರ್ಧ.
ಸುಮ್ಮ ನಿಂದರೂದು ಅಂಬೂದ ಇಲ್ಲಂತ.
ಎಲ್ಲಾರೂ ಬೀಳತಿರ್ತಾರ,
ಬಿದ್ದದ್ದು ಗೊತ್ತಾಗೂದರಾಗ ಹೊಳ್ಳಿ ಹಿಡೀತಾರ.
ನೀವೂ? ಅಂದೆ.
ನಾನೂ, ಅಂದಳು. ತನ್ನ ಚಪ್ಪಲಿ ಒಮ್ಮೆ ನೋಡಿಕೊಂಡಳು.

ಆರನೇ ನಿಮಿಷಕ್ಕ ತೊಡಿ ಥರಥರ.
ಇಷ್ಟು ಲಗೂ ಯಾಕ ದಣೀತದ?
ನಿಮ್ಮ ಸ್ನಾಯುದಾಗ ಸಾವಿರ ಎಳಿ ಅದಾವ, ಅಂದಳು,
ತಾವಾಗೇ ದುಡಿಯೂವಾಗ ಒಂದಷ್ಟು ಎಳೀತಾವ, ಒಂದಷ್ಟು ಮಲಗತಾವ.
ಕರೆಂಟು ಎಲ್ಲಾರನೂ ಒಮ್ಮೆಲೇ ಎಬ್ಬಸ್ತದ.
ಅಂದ್ರ ಪಾಳಿ ಇಲ್ಲ.
ನಮ್ಮಪ್ಪ ಮಿಲ್ಲಿನಾಗ ಇದ್ದಾಗ ಭೋಂಗಾ ಕೂಗತಿತ್ತು,
ಒಬ್ಬ ಹೊರಗ, ಒಬ್ಬ ಒಳಗ,
ಕೈ ಬದಲಾದದ್ದು ಬಟ್ಟಿಗೆ ತಿಳೀತಿರಲಿಲ್ಲ.
ಎಂಟು ಪಟ್ಟಿ ಅದಾವಲ್ರೀ, ನಾಕು ನಾಕು ಮಾಡಿ ಪಾಳಿ ಹಚ್ಚರಿ.
ಆಕಿ ನಗಲಿಲ್ಲ.
ಬ್ಯಾರೆ ಕಡೆ ಈ ಲೆಕ್ಕ ಹಾಕ್ಯಾರ, ಅಂದಳು,
ನಾ ಇನ್ನೂ ಹಾಕಿಲ್ಲ. ಮುಂದಿನ ಮಂಗಳವಾರ.

ಇಂದು ಒಂಬತ್ತು ನಿಮಿಷ.
ನೂರರಾಗ ಮೂವತ್ತೆಂಟು ಪಾಲು ಭಾರ ಕೈ ಹೊತ್ತಿದ್ದು,
ಉಳಿದದ್ದು ಕಾಲಿನ ದುಡಿತ.
ಆಕಿ ಭಾಷಾದಾಗ ಉಭಾ ಬ್ಯಾರೆ, ಬಂದ್ ಬ್ಯಾರೆ.
ನನ್ನ ಭಾಷಾದಾಗ ಎರಡಕ್ಕೂ ಒಂದೇ ಮಾತು,
ತಿಳಿಸಿ ಹೇಳಾಕ ಹೋದೆ, ಬರಲಿಲ್ಲ.

ಇಂದ್ರವ್ವಗ ಫೋನು ಹಚ್ಚಿದೆ.
ನನ್ನ ಜಾಗಾದಾಗಲ್ಲ, ಅದೇ ಶೆಡ್ಡಿನಾಗ ಟಾವೆಲ್ ಅಂಚು ಹೊಲೀತಾಳ,
ಸದ್ದಿನಾಗ ಅರ್ಧ ಮಾತು ಕೇಳಂಗಿಲ್ಲ.
ನಿಂತಾವ, ಅಂದೆ.
ಎಷ್ಟು? ಅಂತ ಗಾಬರಿಲೆ ಒದರಿದಳು.
ಎರಡೂ, ಅಂದೆ.