ಹತ್ತು ರೂಪಾಯಿ ಬಾಕಿ

ಬೈತಖೋಲದ ಬಂದರು ಕಚೇರಿಯಲ್ಲಿ ನನ್ನ ಕೆಲಸ
ನೀರಿನ ಮಟ್ಟ ಬರೆಯುವುದು.
ಬೆಳಿಗ್ಗೆ ಆರು ಹತ್ತಕ್ಕೆ ಇಳಿತ, ಹನ್ನೆರಡೂ ಇಪ್ಪತ್ತಕ್ಕೆ ಭರತಿ,
ನಾಳೆ ಐವತ್ತು ನಿಮಿಷ ತಡ, ನಾಡಿದ್ದು ಇನ್ನೂ ಐವತ್ತು.
ಸಮುದ್ರ ಒಂದು ದಿನವೂ ನನ್ನನ್ನು ತಡೆದು ನಿಲ್ಲಿಸಿ
‘ಯಾಕೆ ಮುಖ ಹೀಗೆ?’ ಎಂದು ಕೇಳಿಲ್ಲ.

ಮನುಷ್ಯರಿಗೆ ಕೋಷ್ಟಕವಿಲ್ಲ.
ಲೆಕ್ಕ ವಿಭಾಗದ ಗುನಗಿಯವರು ನಕ್ಕರೆ
ಆ ನಗು ನನ್ನ ಮೇಲೋ, ನನ್ನ ಜೊತೆಗೋ,
ಡಬ್ಬಿ ತೆರೆದಿಟ್ಟು ಅನ್ನ ಆರುವ ತನಕ ಯೋಚಿಸುತ್ತೇನೆ.

ಬಾಂಬೋಳಿಯ ಡಾಕ್ಟರು ನನ್ನ ಮೂವತ್ತೇಳನೆಯ ವಯಸ್ಸಿಗೆ
ಒಂದು ಹೆಸರು ಬರೆದುಕೊಟ್ಟರು: ಆಟಿಸಂ.
ಅದರ ಕೆಳಗೆ, ಸಣ್ಣಕ್ಷರದಲ್ಲಿ, ಜನರ ಅಂಜಿಕೆ.
ವಾಪಸ್ ಬರುವ ಬಸ್ಸಿನಲ್ಲಿ ಆಯಿ ಕೇಳಿದಳು,
‘ಸುಗಂಧೀ, ಇದು ಮೊದಲೂ ಇತ್ತೇನೆ?’
ಇತ್ತು ಆಯಿ. ಶೆವಂತಕ್ಕನ ಮದುವೆಯಲ್ಲಿ
ಬ್ಯಾಂಡು ಶುರುವಾದಾಗ ನಾನು
ಅಕ್ಕಿ ಮೂಟೆಗಳ ಹಿಂದೆ ಸಿಕ್ಕಿದ್ದೆನಲ್ಲ,
ನೀವೆಲ್ಲ ಸೊಕ್ಕು ಎಂದಿರಲ್ಲ, ಅದೇ.
ಪೋಳೆ ಚೆಕ್‌ಪೋಸ್ಟ್ ದಾಟುವವರೆಗೂ ಅವಳು ಮಾತಾಡಲಿಲ್ಲ.
ಆಮೇಲೆ ಚೀಲದಿಂದ ಕಿತ್ತಳೆ ತೆಗೆದು
ತೊಳೆಗೆ ಅಂಟಿದ ಬಿಳಿ ನಾರೆಲ್ಲ ಬಿಡಿಸಿ ಕೊಟ್ಟಳು.
ನಾರಿದ್ದರೆ ನಾನು ತಿನ್ನುವುದಿಲ್ಲ.
ಎಷ್ಟು ವರ್ಷದಿಂದ ಬಿಡಿಸುತ್ತಿದ್ದಾಳೆ, ಯಾವ ಹೆಸರೂ ಗೊತ್ತಿಲ್ಲದೆ.

ಮೀನು ಮಾರ್ಕೆಟ್ಟಿಗೆ ಬುಧವಾರ, ಶನಿವಾರ.
ಟ್ಯೂಬ್‌ಲೈಟಿನ ಗುಂಯ್, ಐಸು ಒಡೆಯುವ ಸದ್ದು,
ಯಾರದೋ ಫೋನು, ಎಲ್ಲ ಒಟ್ಟಿಗೇ ಕಿವಿಗೆ ಸುರಿಯುತ್ತವೆ.
ಎಡಗಡೆಯ ಗೋಡೆ ಹಿಡಿದು ನಡೆದರೆ
ಹನ್ನೊಂದನೆಯವಳು ತುಳಸಾಬಾಯಿ.
ಕಂಡ ಕೂಡಲೇ ಎರಡು ಬಂಗಡೆ ಕಾಗದದಲ್ಲಿ ಸುತ್ತುತ್ತಾಳೆ.
ಸರಿ ಚಿಲ್ಲರೆ ನನ್ನ ಮುಷ್ಟಿಯಲ್ಲೇ ಇರುತ್ತದೆ.
ಒಂಬತ್ತು ವರ್ಷ. ಮಾತಿಲ್ಲ.
ನನ್ನ ಲೆಕ್ಕದಲ್ಲಿ ಇದು ಸ್ನೇಹ.
ಅವಳ ಲೆಕ್ಕದಲ್ಲಿ ಏನೋ, ಕೇಳಿಲ್ಲ.

ಹೋದ ತಿಂಗಳು ಒಂದು ಬುಧವಾರ ಆ ಜಾಗದಲ್ಲಿ ಬೇರೆ ಹುಡುಗಿ.
‘ಏನು ಬೇಕು ಎಷ್ಟು ಕ್ಲೀನ್ ಮಾಡಬೇಕಾ?’
ಮೂರು ಪ್ರಶ್ನೆ, ಒಂದೇ ಉಸಿರಿಗೆ.
ನಾನು ಮೊದಲನೆಯದರಲ್ಲೇ ಇದ್ದಾಗ
ಅವಳು ನನ್ನ ಹಿಂದಿನವರಿಗೆ ತೂಗುತ್ತಿದ್ದಳು.
ಹೊರಗೆ ಬಾದಾಮಿ ಮರದ ಕೆಳಗೆ ನಿಂತು
ಒಂದು ವಾಕ್ಯ ಕಟ್ಟಿದೆ: ತುಳಸಾಬಾಯಿ ಎಲ್ಲಿ?
ಎರಡೇ ಪದ. ಒಳಗೆ ಹೋದೆ. ಹೊರಗೆ ಬಂದೆ.
ಮತ್ತೆ ಹೋದೆ. ಪಾನ್ ಅಂಗಡಿಯವ ನೋಡುತ್ತಿದ್ದ.
ಪದಗಳು ನಾಲಗೆಯ ಬುಡದಲ್ಲಿ
ಇಳಿತಕ್ಕೆ ಮರಳು ಕಚ್ಚಿ ಕೂತ ಹೋಡಿಯಂತೆ,
ಎಷ್ಟು ನೂಕಿದರೂ.

ಹದಿನಾರು ದಿನ ಬೇಳೆ ಸಾರು.
ಆಯಿ ಕಾರಣ ಕೇಳಲಿಲ್ಲ,
ಅಟ್ಟದಿಂದ ಒಣ ಸಿಗಡಿಯ ಡಬ್ಬ ಇಳಿಸಿದಳು.
ರಾತ್ರಿ ಫ್ಯಾನಿಗೆ ಹೇಳುತ್ತಿದ್ದೆ: ಹೇಗಿದ್ದೀರಿ.
ಹೇಗಿದ್ದಿ ತುಳಸಾಬಾಯಿ. ಹುಷಾರಿರಲಿಲ್ಲವೇನು.
ಫ್ಯಾನಿಗೆ ಸಲೀಸಾಗಿ ಬರುತ್ತಿತ್ತು.

ಹದಿನೇಳನೆಯ ದಿನ, ಶನಿವಾರ, ಅವಳಿದ್ದಳು.
ಬಲಗೈಗೆ ಪ್ಲಾಸ್ಟರು,
ಎಡಗೈಯಲ್ಲಿ ನೊಣ ಓಡಿಸುತ್ತ.
ನಾನು ಬಾಯಿ ತೆರೆದೆ. ಬಂದದ್ದು ಇದು:
‘ಇವತ್ತು ಭರತಿ ಹನ್ನೊಂದು ನಲವತ್ತೆರಡಕ್ಕೆ.
ಎರಡು ಮೀಟರ್. ನಿನ್ನೆಗಿಂತ ಜಾಸ್ತಿ.’

ಕಿವಿ ಬಿಸಿಯಾಯಿತು. ಪಕ್ಕದವಳ ಕತ್ತಿ ನಿಂತಿತು.
ತುಳಸಾಬಾಯಿ ತಲೆಯೆತ್ತಲಿಲ್ಲ.
‘ಹೌದಾ? ಹಾಗಾದ್ರೆ ನಮ್ಮ ಪೋರನ ಹೋಡಿ
ಹನ್ನೆರಡಕ್ಕೆಲ್ಲ ಒಳಗೆ ಬರ್ತದೆ’ ಎಂದು
ಎಡಗೈಯಲ್ಲೇ, ಸೊಟ್ಟಸೊಟ್ಟಗೆ,
ಎರಡು ಬಂಗಡೆ ಸುತ್ತತೊಡಗಿದಳು.
ಕಾಗದ ಜಾರುತ್ತಿತ್ತು.
ಒಂದು ಮೂಲೆ ನಾನು ಒತ್ತಿ ಹಿಡಿದೆ.

ದರ ಹತ್ತು ರೂಪಾಯಿ ಏರಿದೆಯಂತೆ.
ಮುಷ್ಟಿಯಲ್ಲಿ ಹಳೆಯ ಲೆಕ್ಕ, ಬೆವತು ಒದ್ದೆ.
‘ಬುಧವಾರ ಕೊಡು’ ಎಂದಳು, ಮುಂದಿನವರ ಕಡೆ ತಿರುಗುತ್ತ.

ಕಚೇರಿಯ ವಹಿಯಲ್ಲಿ ಬರೆದಿದ್ದೇನೆ:
ಬುಧವಾರ, ಭರತಿ, ಮೂರು ಗಂಟೆ ಎರಡು ನಿಮಿಷ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಹತ್ತು ರೂಪಾಯಿ.