ಕೌಲ್ ಬಜಾರಿನಲ್ಲಿ ತತ್ತಿ ಎಣಿಕೆ

ಕಾರವಾರದಿಂದ ರಾತ್ರಿಯೆಲ್ಲ ಓಡಿಬಂದ ಲಾರಿ
ಕೌಲ್ ಬಜಾರಿನ ಮೂಲೆಯಲ್ಲಿ ಉಸಿರು ಬಿಟ್ಟು ನಿಂತಿದೆ.
ಅದಿರು ಇಳಿದುಹೋದ ದಾರಿಯಲ್ಲೇ
ಮಂಜುಗಡ್ಡೆ ಹೊತ್ತು ಹತ್ತಿಬಂದಿದೆ,
ಟೈರಿನ ಸಂದಿಯಲ್ಲಿ ಸಂಡೂರಿನ ಕೆಂಪು.

ಸಮುದ್ರ ನಾನು ನೋಡಿದ್ದು ಒಂದೇ ಸಲ,
ಬಿ.ಎಸ್ಸಿ. ಟೂರಿನಲ್ಲಿ, ವಾಂತಿ ಮಾಡಿಕೊಳ್ಳುತ್ತ.
ಮಿಕ್ಕ ಸಮುದ್ರವೆಲ್ಲ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಂದದ್ದು,
ಭಾನುವಾರಕ್ಕೊಮ್ಮೆ, ಕಿಲೋ ಲೆಕ್ಕದಲ್ಲಿ.

ರಮೀಜಾಬಿ ನನಗಾಗಿ ತಲೆಗಳನ್ನು ಎತ್ತಿಟ್ಟಿರುತ್ತಾಳೆ.
ತಲೆ ಯಾಕೆಂದು ಮೊದಮೊದಲು ಕೇಳುತ್ತಿದ್ದಳು.
ಒಂದು ದಿನ ಬಂಗುಡೆಯ ಬುರುಡೆ ಸೀಳಿ
ಕಿವಿಕಲ್ಲು ತೆಗೆದು ಅವಳ ಅಂಗೈಗಿಟ್ಟೆ,
ಒಡೆದ ಎಳ್ಳಿನಷ್ಟು.
ಇದರೊಳಗೆ ಅದರ ವಯಸ್ಸು ಬರೆದಿರುತ್ತೆ, ಸುತ್ತು ಸುತ್ತಾಗಿ.
ಅವಳು ತಲೆಯೆತ್ತಿ ಕೋಟೆಗುಡ್ಡ ನೋಡಿದಳು,
ಊರಿಗೆ ಊರೇ ಒರಗಿಕೊಂಡ ಆ ಒಂದೇ ಬಂಡೆ.
"ಹಂಗಾದ್ರ ಅದು ಯಾರ ಕಿವ್ಯಾಗಿಂದ್ರಿ?"

ಬೆರಳಿಟ್ಟರೆ ಸಾಕು, ಅವಳಿಗೆ ಗೊತ್ತಾಗುತ್ತದೆ
ಯಾವ ಮೀನಿನ ಕಿವಿರು ಉಬ್ಬಿದೆಯೆಂದು.
"ಇದಕ್ಕ ಬಾಡಿಗಿಯವ್ರು ಅದಾರ್ರಿ" ಎನ್ನುತ್ತ
ಕಿತ್ತು ಹಾಕುತ್ತಾಳೆ ನನ್ನ ಫಾರ್ಮಲಿನ್ ಸೀಸೆಗೆ:
ಉಗುರಿನಷ್ಟು ಹೇನು, ಬೆನ್ನು ವಾರೆ,
ಏಳು ಜೊತೆ ಕಾಲು, ಕಾಲಿಗೊಂದು ಕೊಕ್ಕೆ,
ಹೊಟ್ಟೆಯಡಿಯ ಚೀಲದಲ್ಲಿ ಮರಿಗಳ ಗಿಜಿಗಿಜಿ.
ಆಚೆ ಕಿವಿರಲ್ಲಿ ಅದರ ಗಂಡ, ಜೋಳದ ಕಾಳಿನಷ್ಟು.
ಮೀನು ಉಸಿರಾಡುವ ಜಾಗದಲ್ಲೇ ಸಂಸಾರ,
ರಕ್ತವೇ ರೇಷನ್ನು.

ಬರುವಾಗ ಇವೆಲ್ಲ ಗಂಡೇ, ಅಂದೆ.
ಮೊದಲು ಒಳಹೊಕ್ಕದ್ದು ಬೆಳೆದು ಹೆಣ್ಣಾಗುತ್ತದೆ.
ಹಿಂದಿನಿಂದ ಬಂದದ್ದು ಗಂಡಾಗಿಯೇ ಉಳಿಯುತ್ತದೆ,
ಅವಳಿರುವ ತನಕ.
ರಮೀಜಾಬಿ ಕತ್ತಿ ನಿಲ್ಲಿಸಿ ನಕ್ಕಳು,
ಕೋಳಿ ಅಂಗಡಿಯವನು ತಿರುಗಿ ನೋಡುವಷ್ಟು.
"ಮೊದ್ಲು ಬಂದೋರಿಗೇ ಒಲಿ ಮುಂದಿನ ಕೆಲಸ,
ಸಮುದ್ರದಾಗೂ ಇದೇ ಗತಿ!"

ಇವತ್ತು ಅಂಜಲ್. ಎರಡೂವರೆ ಕಿಲೋ, ತುಂಬು ಬಸುರಿ.
ಸೀಳಿದರೆ ಎರಡು ಚೀಲ, ಹಳದಿ, ಮೇಲೆ ಕೆಂಪು ನಾಳಗಳ ನಕಾಶೆ.
ಒಂದು ಗ್ರಾಂ ತೂಗಿ ಸೂಜಿಮೊನೆಯಲ್ಲಿ ಎಣಿಸಬೇಕು,
ಆಮೇಲೆ ಒಟ್ಟು ತೂಕದಿಂದ ಗುಣಿಸಬೇಕು.
ಹೋದ ಸಲ ಬಂದ ಲೆಕ್ಕ ನಾಲ್ಕು ಲಕ್ಷದ ಹತ್ತು ಸಾವಿರ.
ಅಂದರೆ ಬಳ್ಳಾರಿ. ಇಡೀ ಬಳ್ಳಾರಿ,
ಬ್ರೂಸ್‌ಪೇಟೆ, ಕೌಲ್ ಬಜಾರ್, ಕಂಟೋನ್ಮೆಂಟು,
ಜೈಲಿನಲ್ಲಿರುವವರೂ ಸೇರಿ
ಒಂದು ಮೀನಿನ ಹೊಟ್ಟೆಯಲ್ಲಿ ಒತ್ತೊತ್ತಾಗಿ.
ನೀರಿಗೆ ಬಿಟ್ಟಿದ್ದರೆ ಗಂಡಿನ ಹಾಲು ಬಂದು ಸೋಕಿ
ಒಂದೊಂದೂ ಒಂದು ಎಣ್ಣೆಹನಿ ಹೊತ್ತು ತೇಲುತ್ತಿದ್ದವು.
ಕೊನೆಗೆ ದೊಡ್ಡದಾಗುವುದು ಎರಡೋ, ಮೂರೋ.

ಈ ಮಾತನ್ನು ಹನ್ನೊಂದು ವರ್ಷ ಕ್ಲಾಸಿನಲ್ಲಿ ಹೇಳಿದ್ದೇನೆ,
ಬೆಲ್ ಆದ ಮೇಲೆ ಡಸ್ಟರಿನಿಂದ ಒರೆಸಿದ್ದೇನೆ.

ಜನಗಣತಿ ಡ್ಯೂಟಿ ಬಿದ್ದ ವರ್ಷ
ಇದೇ ಓಣಿ ನನ್ನ ಪಾಲಿಗೆ ಬಂದಿತ್ತು.
ಫಾರಂನಲ್ಲಿ ಎರಡು ಖಾನೆ, ಪಕ್ಕಪಕ್ಕ:
ಹುಟ್ಟಿದ ಮಕ್ಕಳೆಷ್ಟು. ಈಗ ಬದುಕಿರುವವರೆಷ್ಟು.
ರಮೀಜಾಬಿ ಕೈ ತೊಳೆದುಕೊಂಡು ಬಂದು ಹೇಳಿದಳು, ಆರು.
ಎರಡನೆಯದಕ್ಕೆ ಹೇಳುವ ಮೊದಲು
ಒಳಗೆ ಹೋಗಿ ನನಗೆ ಚಾ ತಂದಳು.
ನಾನು ಪೆನ್ನು ಹಿಡಿದು ಕೂತೇ ಇದ್ದೆ.
"ಹುಡುಗಿ ಒಬ್ಬಾಕಿ" ಅಂದಳು. "ಗುಂತಕಲ್ಲಿಗೆ ಕೊಟ್ಟೀನಿ."

ಇವತ್ತು ಅವಳೇ ಒಂದು ಚೀಲ ನನ್ನ ಡಬ್ಬಿಗೆ ಹಾಕಿದಳು,
"ಇದು ಎಣಸಾಕ."
ಇನ್ನೊಂದನ್ನು ಪೇಪರಿನಲ್ಲಿ ಸುತ್ತಿದಳು.
"ಇದು ತಿನ್ನಾಕ. ಜ್ವಾಳದ ಹಿಟ್ಟು, ಅರಿಶಿಣ, ಉಪ್ಪು.
ಮಾರಿ ಹಿಂದಕ್ಕ ಇಟ್ಕೊಳ್ರಿ, ಸಿಡಿತಾವು."

ರಾತ್ರಿ ಮೈಕ್ರೋಸ್ಕೋಪಿನ ಕೆಳಗೆ
ಮುನ್ನೂರ ಹನ್ನೆರಡಕ್ಕೆ ಎಣಿಕೆ ತಪ್ಪಿತು.
ಒಂದರಿಂದ ಮತ್ತೆ ಶುರು ಮಾಡಿದೆ.
ಮತ್ತೆ ತಪ್ಪಿತು.
ಎದ್ದು ಹೋಗಿ ಹಂಚು ಇಟ್ಟೆ.
ಲೆಕ್ಕಕ್ಕೆ ಸಿಗದ ಅರ್ಧ ಬಳ್ಳಾರಿ
ಎಣ್ಣೆಯಲ್ಲಿ ಚಟಪಟ ಸಿಡಿಯುತ್ತಿತ್ತು.
ಮುಚ್ಚಳ ಎಲ್ಲಿಟ್ಟಿದ್ದೆನೋ, ಹುಡುಕುತ್ತಿದ್ದೆ.