ಮೂರು ಪಟ್ಟಿ

ಹಾಳೆಯಿಂದ ಮೂರು ಪಟ್ಟಿ ಕೊಯ್ಯುತ್ತಾಳೆ ಗುನ್ವೋರ್:
ಉರುಳೆ ನಡೆದ ದಾರಿಗುಂಟ ಒಂದು,
ಅಡ್ಡ ಒಂದು, ಓರೆ ಒಂದು.
"ಉಕ್ಕಿಗೂ ನಾರಿದೆ, ಮರದ ಹಾಗೆ.
ಕೇಳಿದ ದಿಕ್ಕಿಗೊಂದು ಉತ್ತರ."

ಊಲೋಫ್‌ಸ್ಟ್ರೋಮ್‌ನಲ್ಲಿ ಡಿಸೆಂಬರ್. ಮೂರೂವರೆಗೇ ಕತ್ತಲು.
ಬಿಳಿ ಬಳಿದು, ಕರಿ ಚುಕ್ಕಿ ಎರಚಿ
ಮೊದಲನೆಯದನ್ನು ಯಂತ್ರದ ದವಡೆಗೆ ಕೊಟ್ಟಳು.
ಎರಡು ಕ್ಯಾಮೆರಾ ರೆಪ್ಪೆ ಬಡಿಯದೆ
ಚುಕ್ಕಿಗೂ ಚುಕ್ಕಿಗೂ ನಡುವೆ ಬೆಳೆವ ದೂರ ಎಣಿಸಿದವು.
ಜಗ್ಗಿತು, ಇನ್ನೂ ಜಗ್ಗಿತು,
ಎಲ್ಲೋ ಒಂದು ಕಡೆ ಸೊಂಟ ಸಣ್ಣಗಾಯಿತು,
ಆಮೇಲೆ ಟಪ್ಪೆಂದಿತು.

ನನ್ನ ಪರದೆಯಲ್ಲಿ ಅದೊಂದು ಗೆರೆ.
ಗೆರೆಗೆ ಸಮೀಕರಣ ತೊಡಿಸುವುದು ನನ್ನ ಕಸುಬು.
ಕಾರಿನ ಬಾಗಿಲ ತಗಡು ಎರಡು ಡಿಗ್ರಿ ಹಿಂದಕ್ಕೆ ಚಿಮ್ಮುತ್ತದೆ ಅಂದಿದ್ದೆ;
ಅಚ್ಚಿನಿಂದ ಎದ್ದು ಬಂದದ್ದು ಐದು.

ಅಚ್ಚು ತಿದ್ದುವ ಸ್ಟೆಲ್ಲನ್ ಬಯ್ಯಲಿಲ್ಲ.
ಸಂದಿಯಲ್ಲಿ ಕಿರುಬೆರಳಿಟ್ಟು ತೋರಿಸಿದ:
"ಬಗ್ಗಿಸಿದಿರಿ, ಮತ್ತೆ ನೆಟ್ಟಗೆ ಮಾಡಿದಿರಿ.
ಒಮ್ಮೆ ಎಳೆಸಿಕೊಂಡದ್ದು
ತಿರುಗಿ ತಳ್ಳಿದರೆ ಬೇಗ ಸೋಲುತ್ತದೆ.
ಅದನ್ನು ಕೇಳಿದಿರಾ?"

ಕೇಳಿರಲಿಲ್ಲ.
ಎಳೆದದ್ದಷ್ಟೇ ಬರೆದುಕೊಂಡಿದ್ದೆವು.

ಮನೆಗೆ ಹೊರಟಿದ್ದ ಗುನ್ವೋರ್
ಕೋಟನ್ನು ಮತ್ತೆ ಗೂಟಕ್ಕೆ ಹಾಕಿದಳು.
ಹೊಸ ಪಟ್ಟಿ. ಮಡಚಿಕೊಳ್ಳದಂತೆ
ಎರಡೂ ಮಗ್ಗುಲಿಗೆ ಹಲಗೆ ಬಿಗಿದು
ಎಳೆದಳು,
ನಿಲ್ಲಿಸಿದಳು,
ತಳ್ಳಿದಳು.